ಗೇಟಿಗೆ ಅಡ್ಡ ಕೂತ ಡೆಸ್ಲಿ

"ಬಾಸ್, ಡೆಸ್ಲಿ ಗೇಟಿಗೆ ಅಡ್ಡ ಕುರ್ಚಿ ಹಾಕ್ಕೊಂಡು ಕೂತ್ಬಿಟ್ಟಿದ್ದಾಳೆ! ನನ್ನ ಲಾರಿ ಒಳಗೆ ಬಿಡ್ತಾನೇ ಇಲ್ಲ!"

ಲಾರಿ ಚಾಲಕ ಟೆವಿತಾ ಫೋನಿನಲ್ಲಿ ಕಿರುಚುತ್ತಿದ್ದ. ಬಿಲ್ಡರ್ ಗ್ರೇಡನ್‌ಗೆ ಕುಡಿಯುತ್ತಿದ್ದ ಕಾಫಿ ನೆತ್ತಿಗೇರಿತು.

"ಪ್ಲಾಸ್ಟಿಕ್ ಹಲಗೆ ಲಾರೀನಾ? ಅದನ್ನ ತರಿಸಿದ್ದೇ ಅವಳಲ್ವೇನೋ?"

"ಅದೇ ಮತ್ತೆ! ತಾನೇ ತರಿಸಿ ತಾನೇ ತಡೀತಿದ್ದಾಳೆ. ಕೈಯಲ್ಲಿ ಪೈ ಬೇರೆ, ಆರಾಮಾಗಿ ತಿಂತಿದ್ದಾಳೆ."

ಗೋಲ್ಡ್ ಕೋಸ್ಟಿನ ಕಾಲುವೆ ದಂಡೆಯ ಮರಳಿನಲ್ಲಿ ನೆಲಮಾಳಿಗೆ ತೋಡುವುದೆಂದರೆ ಪಾಯಸದಲ್ಲಿ ಗುಂಡಿ ತೋಡಿದ ಹಾಗೆ. ಮೊದಲು ಸುತ್ತಲೂ ಉದ್ದುದ್ದ ಹಲಗೆಗಳನ್ನು ಒಂದಕ್ಕೊಂದು ಸಿಕ್ಕಿಸಿ ನೆಲಕ್ಕಿಳಿಸಬೇಕು. ಆ ಗೋಡೆ ತಡೆದು ನಿಂತ ಮೇಲೆಯೇ ಒಳಗಿನ ಮರಳಿಗೆ ಕೈ ಹಾಕಬೇಕು. ಗೋಡೆಯ ಗುತ್ತಿಗೆ ಡೆಸ್ಲಿಯದು. ಪ್ಲಾಸ್ಟಿಕ್ ಹಲಗೆಯೆಂದು ಎಲ್ಲರೂ ಒಪ್ಪಿಯಾಗಿತ್ತು. ಹಗುರ, ಅಗ್ಗ, ತುಕ್ಕಿನ ಕಾಟವಿಲ್ಲ.

ಗ್ರೇಡನ್ ಬಂದಾಗ ಅವಳು ಬೂಟುಗಾಲನ್ನು ಐಸ್ ಪೆಟ್ಟಿಗೆಯ ಮೇಲೆ ಚಾಚಿ ಕೂತಿದ್ದಳು. ಪೈ ಚೂರಿಗಾಗಿ ಎರಡು ಐಬಿಸ್ ಹಕ್ಕಿಗಳು ಕೊಕ್ಕು ಚಾಚಿ ನಿಂತಿದ್ದವು. ಬೇಲಿಯ ಪಕ್ಕದಲ್ಲಿ ಅವಳ ಹೊಸ ಪುಟ್ಟ ಯಂತ್ರ. ಪ್ಲಾಸ್ಟಿಕ್ ಹಲಗೆ ಇಳಿಸಲು ಅಷ್ಟು ಸಾಕು.

"ಏಳು ಡೆಸ್ಲಿ."

"ಏಳಲ್ಲ."

"ಏನೇ ಇದು ನಾಟಕ?"

"ನಾಟಕ ನಿಂದು. ಈ ಮನೆ ಕಟ್ಟಿಸ್ತಿರೋ ಹಲ್ಲಿನ ಡಾಕ್ಟ್ರು ನೆಲಮಾಳಿಗೇಲಿ ಕಾರಿನ ಮೇಲೆ ಕಾರು ನಿಲ್ಲಿಸ್ಬೇಕು ಅಂದ್ರು, ನೀನು ನಕ್ಷೇಲಿ ಗುಂಡಿ ಆಳ ಡಬಲ್ ಮಾಡ್ದೆ. ನಂಗೆ ಹೇಳಿದ್ದು ನಿನ್ನೆ ಸಂಜೆ!"

"ಅದಕ್ಕೇನೀಗ? ಇನ್ನೂ ಉದ್ದದ ಹಲಗೆ ಹಾಕು."

"ಉದ್ದ ಆದಷ್ಟೂ ಬಾಗುತ್ತೆ ಕಣಯ್ಯಾ. ಇದು ತೋಟದ ಕಟ್ಟೆಗೆ ಸರಿ. ಇಷ್ಟು ಆಳಕ್ಕೆ ಸ್ಟೀಲೇ ಬೇಕು. ಅಲ್ನೋಡು."

ಬೇಲಿಯಾಚೆ ಪಕ್ಕದ ಮನೆಯ ಮೆರಿಲಿಯ ಈಜುಕೊಳ. ಕೇರಿಯ ಮಕ್ಕಳೆಲ್ಲ ಈಜು ಕಲಿಯುವುದು ಅಲ್ಲಿ. "ಕಾಲು ಹೊಡೀರಿ! ಮಂಡಿ ಮಡಚ್ಬೇಡಿ!" ಎಂದು ಅವಳು ಕೂಗುತ್ತಿದ್ದಳು. ಕೊಳದ ಅಂಚಿಗೂ ಗುಂಡಿಯ ಗೆರೆಗೂ ನಡುವೆ ಒಬ್ಬರು ಉದ್ದಕ್ಕೆ ಮಲಗುವಷ್ಟು ಜಾಗ.

"ಗೋಡೆ ಹೊಟ್ಟೆ ಉಬ್ಬಿಸ್ತೋ, ಆ ಕೊಳ ಮಕ್ಕಳ ಸಮೇತ ನಿನ್ನ ಗುಂಡಿಗೇ ಬರುತ್ತೆ."

ಗ್ರೇಡನ್ ನೋಡಿದ. ಬೇಗನೆ ಕಣ್ಣು ಹೊರಳಿಸಿದ. ಆಗ ಅವನ ತಲೆಯೊಳಗೆ ದೀಪ ಹತ್ತಿತು.

ಕೊಳದ ಪಕ್ಕ ಸ್ಟೀಲನ್ನು ಬಡಿದು ಇಳಿಸುವಂತಿಲ್ಲ, ಕೊಳವೇ ಬಿರುಕು ಬಿಡುತ್ತದೆ. ಸದ್ದಿಲ್ಲದೆ ಒತ್ತಿ ಇಳಿಸುವ ದೊಡ್ಡ ಯಂತ್ರ ಬೇಕು. ಅವನಿಗೆ ಗೊತ್ತಿದ್ದಂತೆ ಅದು ಊರಿನಲ್ಲಿ ಇದ್ದದ್ದು ಇಬ್ಬರ ಬಳಿ. ಒಬ್ಬಳು ಡೆಸ್ಲಿ. ಇನ್ನೊಬ್ಬ ವಾರ್ವಿಕ್. ಎಷ್ಟೋ ವರ್ಷದಿಂದ ಅವಳ ಕೈಗೆ ಬಂದ ಕೆಲಸವನ್ನು ಬಾಯಿಗೆ ಬಾರದಂತೆ ಕಸಿದವನು. ಗುತ್ತಿಗೆದಾರರ ಬಾರ್ಬೆಕ್ಯೂ ಕೂಟದಲ್ಲಿ ಎಲ್ಲರೆದುರು "ಮುದುಕಿ, ಮನೇಲಿರು" ಎಂದವನು.

"ಓಹೋ, ಈಗ ಗೊತ್ತಾಯ್ತು!" ಗ್ರೇಡನ್ ಕೈ ತಟ್ಟಿದ. "ನಿನ್ನ ದೊಡ್ಡ ಮೆಷಿನ್ನು ಖಾಲಿ ಕೂತಿದೆ. ಅದರ ಹೊಟ್ಟೆ ತುಂಬ್ಸೋಕೆ ಮಕ್ಕಳ ಹೆಸರು!"

ಡೆಸ್ಲಿ ಹಕ್ಕಿಗೊಂದು ಚೂರು ಎಸೆದಳು. "ಆ ಮೆಷಿನ್ನಿಗೆ ಕೆಲಸ ಸಿಗುತ್ತೆ ಬಿಡು. ಅದರ ಚಿಂತೆ ನಂಗಿಲ್ಲ."

"ಒಪ್ಕೊಂಡ್ಯಲ್ಲ ಹಾಗಾದ್ರೆ!"

"ಏನ್ ಬೇಕಾದ್ರೂ ಅಂದ್ಕೋ. ಪ್ಲಾಸ್ಟಿಕ್ ಮಾತ್ರ ಈ ಗೇಟ್ ದಾಟಲ್ಲ."

"ಗುತ್ತಿಗೆ ಕಿತ್ಕೊಳ್ತೀನಿ."

"ಕಿತ್ಕೋ."

"ಈ ಊರಲ್ಲಿ ನಿಂಗೆ ಇನ್ನೊಂದು ಕೆಲಸ ಸಿಗ್ದಂಗೆ ಮಾಡ್ತೀನಿ."

"ಮಾಡು. ಮೊದಲು ಲಾರಿ ತಿರುಗ್ಸು. ಪಾಪ, ಟೆವಿತಾ ಬಿಸಿಲಲ್ಲಿ ಬೇಯ್ತಿದ್ದಾನೆ."

"ನಂಗೇನೂ ಅವಸರ ಇಲ್ಲ," ಟೆವಿತಾ ಕಿಟಕಿಯಿಂದ ತಲೆ ಹಾಕಿದ. "ಇನ್ನೊಂದು ಪೈ ಇದ್ಯಾ?"

ಅಷ್ಟರಲ್ಲಿ ಬೇಲಿಯ ಮೇಲೆ ಮೆರಿಲಿಯ ಒದ್ದೆ ತಲೆ ಕಾಣಿಸಿತು. "ಏನದು, ನನ್ನ ಕೊಳ ಗುಂಡಿಗೆ ಬರೋದು?" ಅವಳ ಹಿಂದೆ ಒಬ್ಬೊಬ್ಬರಾಗಿ ತಾಯಂದಿರ ತಲೆಗಳು.

ಗ್ರೇಡನ್ ಬೆವರೊರೆಸಿಕೊಂಡ. "ಏನಿಲ್ಲಮ್ಮಾ, ಏನೂ ಇಲ್ಲ! ಸ್ಟೀಲ್ ಹಾಕ್ತಿದೀವಿ. ಸ್ಟೀಲ್!" ಆಮೇಲೆ ಡೆಸ್ಲಿಯತ್ತ ಬಾಗಿ ಹಲ್ಲು ಕಡಿದ. "ಗೆದ್ದೆಯಲ್ಲ, ಖುಷೀನಾ? ನಾಳೆ ಬೆಳಿಗ್ಗೆ ಮೆಷಿನ್ ಇಲ್ಲಿರ್ಬೇಕು."

"ಇರುತ್ತೆ."

ಅವಳು ಕುರ್ಚಿ ಮಡಚಿದಳು. ತನ್ನ ಪುಟ್ಟ ಯಂತ್ರವನ್ನು ಟ್ರೇಲರಿಗೆ ಹತ್ತಿಸಿ, ಹಿಂತಿರುಗಿ ನೋಡದೆ ಹೊರಟಳು.

ಗ್ರೇಡನ್ ಬೂಟಿನಿಂದ ಮರಳು ಒದ್ದ. ಎಲ್ಲರೆದುರು ತನ್ನ ಮಾನ ಕಳೆದವಳು ಇನ್ನು ಸ್ಟೀಲಿಗೆ ಬಾಯಿಗೆ ಬಂದ ದರ ಕೇಳುತ್ತಾಳೆ. ಬಿಡುವುದುಂಟೇ? ಅವಳಿಗೆ ಎಲ್ಲಿ ಉರಿಯುತ್ತದೆಂದು ಅವನಿಗೆ ಚೆನ್ನಾಗಿ ಗೊತ್ತಿತ್ತು. ಫೋನ್ ತೆಗೆದ.

"ವಾರ್ವಿಕ್, ಡೆಸ್ಲಿ ಕೆಲಸ ನಿಂಗೆ ಕೊಡ್ತೀನಿ. ಸ್ಟೀಲು. ನಾಳೆ ಬಂದು ಅವಳ ಕಣ್ಣೆದುರೇ ಒಪ್ಕೊಳ್ತೀಯಾ?"

ಆ ಕಡೆ ವಾರ್ವಿಕ್ ನಗಲಿಲ್ಲ.

"ಬೆಳಿಗ್ಗೇನೇ ಅವಳು ಫೋನ್ ಮಾಡಿ, ಕೆಲಸ ಪೂರ್ತಿ ನಿಂದೇ, ಬಾ ಅಂದ್ಲು."

"ಅವಳಾ? ಮತ್ತೆ ಅವಳ ಮೆಷಿನ್ನು?"

"ಅದನ್ನ ಹೋದ ತಿಂಗಳೇ ನಂಗೆ ಮಾರಿ, ಇನ್ಮೇಲೆ ಬರೀ ಪ್ಲಾಸ್ಟಿಕ್ ಕೆಲಸ ಅಂತ ಆ ಪುಟ್ಟದನ್ನ ತಗೊಂಡ್ಲಲ್ಲ ಗ್ರೇಡನ್, ಅವಳ ಕೈಲಿದ್ದದ್ದು ನಿಂದೊಂದೇ ಕೆಲಸ, ಇರ್ಲಿ, ನಾಳೆ ಏಳಕ್ಕೆ ಗೇಟ್ ಹತ್ರ ಸಿಗ್ತೀನಿ."