ಯಾವ ನಾವು?

ಮೂರನೆಯ ಪಾಠದಲ್ಲಿ ಮೂರು ಬಗೆಯ 'ನಾವು' ಇರುವುದು ಕಂಡು ಭಾನುಪ್ರಿಯಾ ಪೆನ್ನು ಕೆಳಗಿಟ್ಟಳು. ಗೌರಿಬಿದನೂರಿನ ಸೈಬರ್ ಸೆಂಟರಿನಲ್ಲಿ ಪ್ರಿಂಟ್ ಹಾಕಿಸಿ ತಂದ ಹಾಳೆಗಳು ಜಗಲಿಯ ತುಂಬ ಹರಡಿದ್ದವು. ಲೋಜ್ಬಾನ್ ಎಂಬ ಭಾಷೆ. ಯಾವ ಊರಿನವರದ್ದೂ ಅಲ್ಲ, ಯಾರೋ ಕೂತು ಯೋಚಿಸಿ ಕಟ್ಟಿದ್ದು. ಅದರಲ್ಲಿ ಒಂದು ವಾಕ್ಯವನ್ನು ಎರಡು ಥರ ಬಿಡಿಸಲು ಬರುವುದಿಲ್ಲವಂತೆ. ಆ ಒಂದು ಮಾತಿಗೇ ಅವಳು ಮರುಳಾಗಿದ್ದಳು.

"ನೆನ್ನೆ ಏನೋ ಅಂತಿದ್ಯಲ್ಲ, ನಮಸ್ಕಾರಕ್ಕೆ?" ದಂಟಿನ ಸೊಪ್ಪು ಬಿಡಿಸುತ್ತಿದ್ದ ಅಜ್ಜಿ ಅಕ್ಕಯ್ಯಮ್ಮ ಕೇಳಿದಳು.

"ಶೊಯ್."

"ಒಗ್ಗರಣೆ ಹಾಕ್ದಂಗಿದೆ ಕಣೇ. ಆ ಭಾಷೇಲಿ ಅಜ್ಜೀರು ಇದಾರಾ? ಕಥೆ ಯಾರು ಹೇಳ್ತಾರೆ?"

ಭಾನು ನಗಲಿಲ್ಲ. ಎದ್ದು ಬಾಗಿಲ ತನಕ ಹೋಗಿ ಒಳಗೆ ಇಣುಕಿದಳು. ಅಪ್ಪ ಚನ್ನಕೇಶವ ಇನ್ನೂ ತಲೆ ಬಾಚುತ್ತಿದ್ದ. ಮೈಸೂರಿನಲ್ಲಿ ಭಾಷಾಶಾಸ್ತ್ರದ ಎಂ.ಎ.ಗೆ ಸೇರುವ ಅರ್ಜಿ ಟಿ.ವಿ. ಮೇಲೆ ಇಟ್ಟಲ್ಲೇ ಇತ್ತು. ಶುಕ್ರವಾರ ಕಡೇ ದಿನ, ಇವತ್ತು ಬುಧವಾರ. ಇವತ್ತಿನ ಟಪಾಲಿಗೆ ಹಾಕದಿದ್ದರೆ ಮುಗಿಯಿತು. ಅಪ್ಪನ ಒಂದು ಸಹಿ ಬೇಕು. ಕೇಳಿದಾಗಲೆಲ್ಲ ಒಂದೇ ಉತ್ತರ: "ನಾವು ಕೂತು ಮಾತಾಡ್ಬೇಕು ಕಣಮ್ಮ." ಭಾನುವಾರ ದೊಡ್ಡಪ್ಪ ವೆಂಕಟರವಣಪ್ಪ ಬಂದಿದ್ದರು. ಅಣ್ಣತಮ್ಮ ಒಂದು ಗಂಟೆ ಕೂತು ಮಾತಾಡಿಯೂ ಇದ್ದರು. ಅವಳು ಎರಡು ಸಲ ಕಾಫಿ ಕೊಟ್ಟು ಬಂದಿದ್ದಳು.

ಮತ್ತೆ ಬಂದು ಕೂತಳು. "ಅಜ್ಜಿ, ಇವರಿಗೆ 'ನಾವು' ಅನ್ನೋಕೆ ಒಂದು ಪದ ಸಾಲದು. ನಾನು, ನೀನು ಇಬ್ಬರೇ ಸೇರಿದ್ರೆ ಮಿಹೊ. ನಾನು, ಬೇರೆಯೋರು ಸೇರಿ ನಿನ್ನ ಬಿಟ್ರೆ ಮಿಹ. ಎಲ್ರೂ ಸೇರಿದ್ರೆ ಮಹ. ತಲೆಗೇ ಹೋಗ್ತಿಲ್ಲ."

"ಅದ್ಕೆ ಅಷ್ಟು ಹಾಳೆ ಬೇಕೇನೇ? ಮೇಮು, ಮನಮು."

"ಆಂ?"

"ತೆಲುಗಲ್ಲಿ ಇಲ್ವಾ? 'ಮೇಮು ತಿಂಟಾಮು' ಅಂದ್ರೆ ನೀನು ಬಾಗ್ಲಲ್ಲಿ ನಿಂತು ನೋಡ್ತಿರು ಅಂತ. 'ಮನಮು ತಿಂದಾಮು' ಅಂದ್ರೆ ನಿಂಗೂ ಎಲೆ ಹಾಕವ್ರೆ ಅಂತ. ಕನ್ನಡದೋರು ಎರಡಕ್ಕೂ 'ನಾವು' ಅಂದ್ಬಿಡ್ತೀರ. ಎಲೆ ಐತೋ ಇಲ್ವೋ, ಕೂತ ಮೇಲೇ ಗೊತ್ತಾಗೋದು."

ಭಾನುವಿನ ಕೈ ಹಾಳೆಯ ಮೇಲೆ ಹಾಗೇ ನಿಂತಿತು. ಆಂಧ್ರದ ಗಡಿಗೆ ಅಂಟಿದ ನಗರಗೆರೆಯಲ್ಲಿ ಹುಟ್ಟಿದವಳಿಗೆ ಆ ಎರಡು ಪದಗಳು ಹೊಸವಲ್ಲ. ಅಜ್ಜಿಯ ಕಥೆಗಳಲ್ಲಿ ರಾಜರೂ ರಾಕ್ಷಸರೂ ಅವನ್ನೇ ಆಡುತ್ತಿದ್ದರು. ಆದರೆ ಅವುಗಳ ನಡುವೆ ಒಂದು ಬಾಗಿಲಿದೆಯೆಂದು ಅವಳಿಗೆ ಹೊಳೆದೇ ಇರಲಿಲ್ಲ.

ಚನ್ನಕೇಶವ ಹೊರಗೆ ಬಂದು ಚಪ್ಪಲಿ ಮೆಟ್ಟಿದ. ಆಫೀಸಿಗೆ ಹೋಗುವ ಬಸ್ಸು ಅರಳಿಕಟ್ಟೆಯ ಹತ್ತಿರ ಬಂದು ನಿಂತ ಸದ್ದಾಯಿತು.

"ಅಪ್ಪ, ಅರ್ಜಿ."

"ಬಸ್ಸು ಬಂತು ಕಣಮ್ಮ. ಹೇಳಿದೀನಲ್ಲ, ನಾವು ಕೂತು ಮಾತಾಡ್ಬೇಕು."

"ಯಾವ ನಾವು?"

"ಯಾವ ನಾವು ಅಂದ್ರೆ? ನಾವು ಅಂದ್ರೆ ನಾವು."

ಆ ಮನೆಯಲ್ಲಿ ತೆಲುಗು ಅಪ್ಪನಿಗೂ ಅಜ್ಜಿಗೂ ನಡುವಿನದು. ಮಕ್ಕಳೊಂದಿಗೆ ಕನ್ನಡವೇ. ಭಾನು ಎಂದೂ ಅಪ್ಪನ ಜೊತೆ ಅದರಲ್ಲಿ ಮಾತಾಡಿದವಳಲ್ಲ.

"ಮೇಮಾ, ಮನಮಾ?" ಎಂದಳು.

ಚನ್ನಕೇಶವ ಮಗಳನ್ನು ನೋಡಿದ, ಆಮೇಲೆ ತಾಯಿಯ ಕಡೆ ತಿರುಗಿದ.

"ಇದನ್ನೆಲ್ಲ ನೀನೇ ಹೇಳ್ಕೊಟ್ಟಿದ್ದಾ ಅಮ್ಮ?"

"ನಂದೇನೂ ಇಲ್ಲಪ್ಪ. ಯಾವ್ದೋ ಊರಿಲ್ಲದ ಭಾಷೆ ಕೇಳ್ತೈತೆ. ನಮಗೆ ಗೊತ್ತಿರೋದೇ ತಾನೆ, ಹೇಳು."

ಭಾನು ಒಳಗೆ ಹೋಗಿ ಅರ್ಜಿ ತಂದು ನಿಂತಳು. ಪೆನ್ನು ಕೊಡಲಿಲ್ಲ; ಮೊದಲು ಉತ್ತರ ಬರಲೆಂದು ಕೈಯಲ್ಲೇ ಹಿಡಿದಿದ್ದಳು. ಕಂಡಕ್ಟರು ಎರಡು ಸಲ ಸೀಟಿ ಊದಿದ. ಚನ್ನಕೇಶವ ಬಸ್ಸಿನ ಕಡೆ ನೋಡಲಿಲ್ಲ.

ಮೇಮು, ಮನಮು: ಎರಡು ಪದಗಳೂ ತುಟಿ ಮುಚ್ಚಿಕೊಂಡೇ ಶುರುವಾಗುತ್ತವೆ. ಅಪ್ಪನ ತುಟಿಗಳು ಒಂದಕ್ಕೊಂದು ತಾಗಿದವು. ಬಸ್ಸು ಹೊರಟು, ಕೆರೆ ಏರಿಯ ತಿರುವು ದಾಟಿ, ಅದರ ಧೂಳು ಕೆಳಗಿಳಿದರೂ ಆ ತುಟಿಗಳು ಇನ್ನೂ ಬಿಟ್ಟಿರಲಿಲ್ಲ.