ಕೊನೆಯಿಂದ ಓದಿದವನು

ಕರಡು ತಿದ್ದುವವನು ಕೆಂಪು ಪೆನ್ನಿನಿಂದ ಗೆಳೆಯನ ಹೆಸರನ್ನು ಹೊಡೆದುಹಾಕಿ, ಮೇಲೆ ತನ್ನ ಹೆಸರು ಬರೆದ. ಹೊದಿಕೆಯ ಮೇಲೊಮ್ಮೆ, ಒಳಪುಟದಲ್ಲೊಮ್ಮೆ. ಆ ಮುದ್ರಣಾಲಯದಲ್ಲಿ ಕೊನೆಯ ಸಹಿ ಅವನದೇ. ಅದು ಬಿದ್ದ ಮೇಲೆ ಯಂತ್ರವೂ ಕೇಳುವುದಿಲ್ಲ, ಮಾಲೀಕರೂ ಕೇಳುವುದಿಲ್ಲ.

ಇಪ್ಪತ್ತು ವರ್ಷದ ಹೊಟ್ಟೆಯುರಿ ಅದು. ಕಾಲೇಜಿನಲ್ಲಿ ಇಬ್ಬರೂ ಒಂದೇ ಕೋಣೆಯವರು, ಇಬ್ಬರೂ ಕಂಡವರ ದನಿ ಅಣಕಿಸುವುದರಲ್ಲಿ ಪಳಗಿದವರು. ಒಂದು ಬೆಳಿಗ್ಗೆ ಯಾರೋ ಪ್ರಿನ್ಸಿಪಾಲರ ದನಿಯಲ್ಲಿ ಕಚೇರಿಗೆ ಫೋನ್ ಮಾಡಿ, ಪರೀಕ್ಷೆ ಮುಂದಕ್ಕೆ ಹೋಗಿದೆಯೆಂದರು. ಕಾಲೇಜಿಗೆ ಕಾಲೇಜೇ ಮನೆಗೆ ಹೊರಟಿತು. ಮಾಡಿದವನು, ಎಲ್ಲರೂ ಗಿಳಿ ಎಂದು ಕರೆಯುತ್ತಿದ್ದ ಈ ಗೆಳೆಯ. ಅನುಮಾನ ಬಿದ್ದು ಕಾಲೇಜಿನಿಂದ ಹೊರಬಿದ್ದವನು ಮಾತ್ರ ಕರಡು ತಿದ್ದುವ ಇವನು. ಗೆಳೆಯನ ಹೆಸರು ಹೇಳಲು ಇವನಿಗೆ ಬಾಯಿ ಬರಲಿಲ್ಲ. ಒಪ್ಪಿಕೊಳ್ಳಲು ಗಿಳಿಗೂ ಬರಲಿಲ್ಲ. ಮೇಷ್ಟ್ರಾಗಬೇಕಿದ್ದವನು ಊರವರ ಕಾಗುಣಿತ ತಿದ್ದುತ್ತ ಕೂತ. ಗಿಳಿ ಕಾದಂಬರಿಕಾರನಾದ.

"ನನ್ನ ಹೆಸರು ಕೆಡಿಸಿದವನ ಹೆಸರೇ ಇಲ್ಲದಂಗೆ ಮಾಡ್ತೀನಿ ನೋಡ್ತಿರು" ಎಂದು ಹೆಂಡತಿಯ ಮುಂದೆ ಅದೆಷ್ಟು ಸಲ ಹೇಳಿದ್ದನೋ.

ಆ ಗಿಳಿಯೇ, ಹನ್ನೆರಡು ವರ್ಷ ಕೂತು ಬರೆದ ಕಾದಂಬರಿಯನ್ನು ತಾನಾಗಿ ತಂದು ಇವನ ಮೇಜಿನ ಮೇಲಿಟ್ಟಿದ್ದ. ಹೊಸ ಪ್ರಯೋಗವಂತೆ. ಪೂರ್ಣವಿರಾಮವಿಲ್ಲ. ಪಾತ್ರಗಳಿಗೆ ಹೆಸರಿಲ್ಲ. ಇಬ್ಬರು ಗೆಳೆಯರು, ಒಬ್ಬ 'ನಾನು', ಇನ್ನೊಬ್ಬ 'ಅವನು'.

"ಬರೀ ತಿದ್ದಬೇಡ ಕಣೋ, ಓದು" ಎಂದಿದ್ದ ಗಿಳಿ. "ಬಿಡುಗಡೆಗೆ ನಮ್ಮ ಪ್ರಿನ್ಸಿಪಾಲರನ್ನೇ ಕರೆದಿದೀನಿ."

ಗಾಯದ ಮೇಲೆ ಬರೆ ಎಳೆದಂತಾಯಿತು ಇವನಿಗೆ. ಓದಲಿಲ್ಲ. ಕಸುಬಿನ ಕ್ರಮದಂತೆ ಕೊನೆಯ ಪದದಿಂದ ಮೊದಲ ಪದದವರೆಗೆ ಹಿಮ್ಮುಖವಾಗಿ ನಡೆದ. ಹಾಗೆ ನಡೆದರೆ ಅರ್ಥ ಅಡ್ಡ ಬರುವುದಿಲ್ಲ. ತಪ್ಪು ಮಾತ್ರ ಕಣ್ಣಿಗೆ ಬೀಳುತ್ತದೆ.

ಬಿಡುಗಡೆಯ ದಿನ ವೇದಿಕೆಯ ಮೇಲೆ ಕಟ್ಟು ಬಿಚ್ಚಿದರು. ಹೊದಿಕೆ ನೋಡಿ ಗಿಳಿಯ ಮುಖ ಬಿಳಿಚಿತು. ಇವನು ಮೊದಲ ಸಾಲಿನಲ್ಲಿ ಕಾಲ ಮೇಲೆ ಕಾಲು ಹಾಕಿದ. ಇಪ್ಪತ್ತು ವರ್ಷದಲ್ಲಿ ಅಷ್ಟು ಹಾಯಾಗಿ ಅವನು ಎಲ್ಲೂ ಕೂತಿರಲಿಲ್ಲ.

ಮುದಿ ಪ್ರಿನ್ಸಿಪಾಲರು ಕನ್ನಡಕ ಏರಿಸಿ, ಮೊದಲ ಪುಟವನ್ನು ಗಟ್ಟಿಯಾಗಿ ಓದತೊಡಗಿದರು.

"ಅಂದು ಪ್ರಿನ್ಸಿಪಾಲರ ದನಿಯಲ್ಲಿ ಫೋನ್ ಮಾಡಿದವನು ನಾನು, ಶಿಕ್ಷೆ ತಿಂದವನು ಅವನು, ಈ ಹೊದಿಕೆಯ ಮೇಲಿರುವುದೇ ತಪ್ಪಿತಸ್ಥನ ಹೆಸರು..."

ಅವರು ಪುಸ್ತಕ ಮಗುಚಿ ಹೆಸರು ನೋಡಿದರು. ಮೊದಲ ಸಾಲಿನತ್ತ ತಿರುಗಿದರು.

"ಕೊನೆಗೂ ಒಪ್ಕೊಂಡೆಯಲ್ಲಪ್ಪ."

ಸಭೆ ಗೊಳ್ಳೆಂದಿತು. ಎಲ್ಲರಿಗಿಂತ ಜೋರಾಗಿ ನಕ್ಕವನು ಗಿಳಿ. ಅದೂ ಪ್ರಿನ್ಸಿಪಾಲರ ದನಿಯಲ್ಲಿ.