ವಾಲಿದ ತಲೆ

ಸೊಸೆ ಹೆಬ್ಬೆರಳನ್ನು ಬಣ್ಣದಲ್ಲಿ ಅದ್ದುವಷ್ಟರಲ್ಲಿ ಆಟಿಕೆ ಕಾರ್ಖಾನೆಯ ಹಿರಿಯ ಬಡಗಿ ಬಟ್ಟಲನ್ನು ತನ್ನತ್ತ ಎಳೆದುಕೊಂಡ. ಹೊಸ ಗೊಂಬೆಯ ಅಡಿಯಲ್ಲಿ ಅದನ್ನು ಕಲ್ಪಿಸಿದವರೇ ಬೆರಳೊತ್ತುವುದು ಅಲ್ಲಿನ ರೂಢಿ.

"ಈ ಆನೆ ನಿನ್ನ ತಲೆಯದ್ದಾ, ಆ ಎಐ ಹೇಳಿಕೊಟ್ಟದ್ದಾ? ದೇವರಾಣೆ ಇಟ್ಟು ಹೇಳು."

"ಅದರ ಜೊತೆ ಕೂತೇ ಮಾಡಿದೆ ಮಾವ, ಸುಳ್ಳು ಹೇಳಲ್ಲ."

"ಗೊತ್ತಿತ್ತು. ಅದಕ್ಕೆ ಬೆರಳಿಲ್ಲ ನೋಡು, ನಿನ್ನದನ್ನ ಎರವಲು ತಗೊಂಡಿದೆ." ಅವನು ಆನೆಯನ್ನು ಬೆಳಕಿಗೆ ಹಿಡಿದು ಐಬು ಹುಡುಕಿದ. "ತಲೆ ಯಾಕೆ ಹೀಗೆ ಒಂದು ಕಡೆ ವಾಲಿದೆ?"

"ನೆಟ್ಟಗೆ ಮಾಡು ಅಂತ ಅದು ಹೇಳ್ತಾನೇ ಇತ್ತು, ನಾನು ಒಪ್ಪಲಿಲ್ಲ. ಒಂದು ಕಿವಿ ಮಂದ ಆದಮೇಲೆ ಅತ್ತೆ ಹೀಗೇ ಅಲ್ವಾ ನಮ್ಮ ಮಾತು ಕೇಳಿಸಿಕೊಳ್ತಿದ್ದದ್ದು?"

ಹೆಂಡತಿ ತೀರಿಕೊಂಡ ಮೇಲೆ ತನ್ನ ಮಾತಿಗೆ ಹಾಗೆ ತಲೆ ವಾಲಿಸಿದವರು ಯಾರೂ ಇರಲಿಲ್ಲ. ಬಡಗಿ ಆನೆಯನ್ನು ಅಂಗೈಯಲ್ಲಿ ಮೆಲ್ಲನೆ ಮಗುಚಿ ಹಿಡಿದು, ಬಟ್ಟಲನ್ನು ಸೊಸೆಯ ಕಡೆಗೆ ಸರಿಸಿದ.